ಮರೆವು ವಾರವಾರಕ್ಕೆ ಏರುತ್ತಿದ್ದರೆ: ಅಪರೂಪದ ಪ್ರಿಯಾನ್ ಕಾಯಿಲೆ ಮತ್ತು ಮೆದುಳಿನ ಎಂಆರ್‌ಐ

ಈ ಸಲ ಹೃದಯವನ್ನು ಬದಿಗಿಟ್ಟು ಮೆದುಳಿನ ಬಗ್ಗೆ ಬರೆಯುತ್ತಿದ್ದೇನೆ. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇದು ಯಾರ ಮನೆಯ ಕತೆಯೂ ಅಲ್ಲ, ವಿಷಯ ತಿಳಿಯಲೆಂದು ಕಟ್ಟಿಕೊಂಡದ್ದು. ಪುಣೆಯ ಮಾರ್ಕೆಟ್ ಯಾರ್ಡಿನ ಭುಸಾರ ಬಾಜಾರದಲ್ಲಿ ಮೂವತ್ತು ವರ್ಷ ಹಮಾಲಿ ಮಾಡಿದ ಒಬ್ಬ ಕಾಕಾ. ವಯಸ್ಸು 62, ಊರು ಕಲಬುರಗಿ ಕಡೆ. ಲಾರಿಯಿಂದ ಎಷ್ಟು ಚೀಲ ಇಳಿಯಿತು ಎಂದು ಬರೆದುಕೊಳ್ಳದೆ ಬಾಯಲ್ಲೇ ಲೆಕ್ಕ ಒಪ್ಪಿಸುವ ಮನುಷ್ಯ. ದೀಪಾವಳಿಗೆ ಊರಿಗೆ ಹೋಗಿ ಬಂದಾಗ ಚೆನ್ನಾಗಿಯೇ ಇದ್ದರು. ಎರಡು ವಾರ ಕಳೆದ ಮೇಲೆ "ಮೆಟ್ಟಿಲು ಓರೆಯಾಗಿ ಕಾಣ್ತಾವ" ಅಂದರು. ಕಣ್ಣಿನ ಡಾಕ್ಟರು ನೋಡಿ ಸ್ವಲ್ಪ ಪೊರೆ ಇದೆ ಅಂದರು. ನಾಲ್ಕನೇ ವಾರ ಗುಲ್ಟೇಕಡಿಯಿಂದ ಬಿಬವೇವಾಡಿಯ ಮನೆಗೆ ಬರುವ ದಾರಿ ತಪ್ಪಿತು. ಆರನೇ ವಾರ ನಡಿಗೆ ತೂರಾಡತೊಡಗಿತು. ಕಂಡವರು ಕುಡಿದಿದ್ದಾರೆ ಅಂದುಕೊಂಡರು. ಎಂಟನೇ ವಾರಕ್ಕೆ ಕುಕ್ಕರ್ ಸೀಟಿ ಹೊಡೆದರೂ ಮೈಯೆಲ್ಲ ಬೆಚ್ಚಿ ಎಗರುವಂತಾಯಿತು. ಮೊಮ್ಮಗನ ಹೆಸರು ಬಾಯಿಗೆ ಬರಲಿಲ್ಲ.

ಇಲ್ಲಿ ನೋಡಬೇಕಾದ್ದು ಮರೆವನ್ನಲ್ಲ, ಮರೆವಿನ ವೇಗವನ್ನು. ವಯಸ್ಸಾದವರಲ್ಲಿ ನಾವು ಸಾಮಾನ್ಯವಾಗಿ ಕಾಣುವ ಅಲ್ಝೈಮರ್ ಕಾಯಿಲೆ ವರ್ಷಗಳ ಲೆಕ್ಕದಲ್ಲಿ ನಡೆಯುತ್ತದೆ. ಹೋದ ಯುಗಾದಿಗೂ ಈ ಯುಗಾದಿಗೂ ಹೋಲಿಸಿದರೆ ವ್ಯತ್ಯಾಸ ಕಾಣುತ್ತದೆ. ಹೋದ ವಾರಕ್ಕೂ ಈ ವಾರಕ್ಕೂ ವ್ಯತ್ಯಾಸ ಕಾಣುತ್ತಿದ್ದರೆ ಅದು ಬೇರೆಯೇ ಸಂಗತಿ. "ವಯಸ್ಸಾಯಿತಲ್ಲ, ಮರೆವು ಇದ್ದದ್ದೇ" ಎಂಬ ಮಾತು ಅದಕ್ಕೆ ಸಲ್ಲುವುದಿಲ್ಲ.

ಇಂಥ ಹೊತ್ತಿನಲ್ಲಿ ನಮ್ಮ ಮನೆಗಳಲ್ಲಿ ಮೊದಲು ಹೊಳೆಯುವುದು ಗಾಳಿ ಸೋಕಿದೆ, ಯಾರೋ ಮಾಡಿಸಿದ್ದಾರೆ ಎಂಬುದು. ಗಾಣಗಾಪುರಕ್ಕೆ ಕರೆದುಕೊಂಡು ಹೋಗುತ್ತಾರೆ. ದತ್ತನ ದರ್ಶನಕ್ಕೆ ನನ್ನ ಅಡ್ಡಿಯಿಲ್ಲ, ಮನೆಯವರ ಮನಸ್ಸಿಗೂ ಒಂದು ಆಸರೆ ಬೇಕು. ಆದರೆ "ಬರುವ ಹುಣ್ಣಿಮೆಯವರೆಗೆ ನೋಡೋಣ" ಎಂದು ಸ್ಕ್ಯಾನನ್ನು ಮುಂದಕ್ಕೆ ಹಾಕಬೇಡಿ. ವೇಗವಾಗಿ ಏರುವ ಮರೆವಿನಲ್ಲಿ ಹದಿನೈದು ದಿನ ಬಹಳ ದೊಡ್ಡ ಅವಧಿ.

ಹೃದಯದ ಡಾಕ್ಟರಿಗೆ ಇದರಲ್ಲೇನು ಕೆಲಸ? ಇಂಥ ರೋಗಿಗಳು ಮೊದಲು ನರರೋಗ ತಜ್ಞರ ಹತ್ತಿರ ಹೋಗುವುದು ಕಡಿಮೆ. "ತಲೆ ಸುತ್ತುತ್ತದೆ, ಎರಡು ಸಲ ಬಿದ್ದರು" ಎಂದು ನಮ್ಮಂಥವರ ಹತ್ತಿರ ಬರುತ್ತಾರೆ. ಇಸಿಜಿ, ಎಕೋ ಎಲ್ಲ ಆಗುತ್ತದೆ, ಎಲ್ಲವೂ ನಾರ್ಮಲ್ ಬರುತ್ತದೆ. ಅಲ್ಲಿಂದ ಕಣ್ಣಿನ ಆಸ್ಪತ್ರೆ, ಕಿವಿ-ಮೂಗಿನ ಡಾಕ್ಟರು, ಮಾನಸಿಕ ವೈದ್ಯರು ಎಂದು ಸುತ್ತುತ್ತಲೇ ಎರಡು ತಿಂಗಳು ಹೋಗಿಬಿಡುತ್ತದೆ. ಪೇಸ್‌ಮೇಕರ್ ಇರುವವರಿಗೆ ಎಂಆರ್‌ಐ ಮಾಡಬಹುದೇ ಎಂಬ ಪ್ರಶ್ನೆಯೂ ಕೊನೆಗೆ ನಮ್ಮ ಮೇಜಿಗೇ ಬರುತ್ತದೆ.

*ಪ್ರಿಯಾನ್ ಅಂದರೇನು?*

ನಮ್ಮೆಲ್ಲರ ಮೆದುಳಿನ ಜೀವಕೋಶಗಳ ಮೇಲೆ ಪ್ರಿಯಾನ್ ಎಂಬ ಪ್ರೋಟೀನ್ ಇರುತ್ತದೆ. ಅದು ಸರಿಯಾಗಿ ಮಡಚಿಕೊಂಡಿರುವವರೆಗೆ ಯಾವ ತೊಂದರೆಯೂ ಇಲ್ಲ. ಯಾವುದೋ ಗಳಿಗೆಯಲ್ಲಿ ಒಂದು ತಪ್ಪಾಗಿ ಮಡಚಿಕೊಳ್ಳುತ್ತದೆ. ಆಮೇಲೆ ಅದರ ಪಕ್ಕಕ್ಕೆ ಬಂದ ಸರಿಯಾದ ಪ್ರೋಟೀನ್ ಕೂಡ ಅದೇ ತಪ್ಪು ಆಕಾರಕ್ಕೆ ತಿರುಗುತ್ತದೆ. ಚೀಲದಲ್ಲಿ ಒಂದು ಉಳ್ಳಾಗಡ್ಡಿ ಕೊಳೆತರೆ ಪಕ್ಕದ್ದೂ ಕೊಳೆಯುತ್ತದೆ ಎಂಬುದನ್ನು ಯಾರ್ಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅಲ್ಲಿ ಕೊಳೆಸುವುದು ಬೂಷ್ಟು, ಬ್ಯಾಕ್ಟೀರಿಯಾ. ಇಲ್ಲಿ ಯಾವ ಕ್ರಿಮಿಯೂ ಇಲ್ಲ. ಸಕ್ಕರೆ ಪಾಕದ ಹೋಲಿಕೆಯೇ ಹೆಚ್ಚು ಸರಿ: ತಿಳಿಯಾಗಿದ್ದ ಗಟ್ಟಿ ಪಾಕಕ್ಕೆ ಒಂದು ಹರಳು ಬಿದ್ದರೆ ಅದರ ಸುತ್ತ ಇನ್ನೊಂದು, ಮತ್ತೊಂದು ಕಟ್ಟುತ್ತ ಪಾತ್ರೆ ಪೂರ್ತಿ ಹರಳಾಗುತ್ತದೆ. ಮೆದುಳಿನಲ್ಲಿ ಹೀಗಾದಾಗ ಜೀವಕೋಶಗಳು ಸಾಯುತ್ತವೆ, ಸಣ್ಣ ಸಣ್ಣ ಪೊಳ್ಳುಗಳು ಹುಟ್ಟಿಕೊಳ್ಳುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸ್ಪಂಜಿನ ಹಾಗೆ ಕಾಣುತ್ತದೆ.

ಕ್ರಿಮಿಯಿಲ್ಲದೆ ಬರಿಯ ಪ್ರೋಟೀನ್ ಹೀಗೆ ಹರಡಬಲ್ಲದು ಎಂದು ಅಮೆರಿಕದ ಸ್ಟ್ಯಾನ್ಲಿ ಪ್ರೂಸಿನರ್ 1982ರಲ್ಲಿ ಹೇಳಿದಾಗ ಅನೇಕರು ನಂಬಲಿಲ್ಲ. 1997ರಲ್ಲಿ ಅವರಿಗೆ ನೊಬೆಲ್ ಬಂತು.

ಮನುಷ್ಯರಲ್ಲಿ ಕಾಣುವ ಪ್ರಿಯಾನ್ ಕಾಯಿಲೆಗಳಲ್ಲಿ ಮುಖ್ಯವಾದುದು ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಕಾಯಿಲೆ. 1920 ಮತ್ತು 1921ರಲ್ಲಿ ಇದನ್ನು ಮೊದಲು ವಿವರಿಸಿದ ಇಬ್ಬರು ಜರ್ಮನ್ ವೈದ್ಯರ ಹೆಸರು ಅದು. ನಾಲಿಗೆ ತಿರುಗದವರು ಸಿಜೆಡಿ ಅನ್ನಿ, ಡಾಕ್ಟರುಗಳೂ ಹಾಗೆಯೇ ಅನ್ನುವುದು. ನೂರು ರೋಗಿಗಳಲ್ಲಿ ಸುಮಾರು 85 ಮಂದಿಗೆ ಇದು ಯಾವ ಹೊರಗಿನ ಕಾರಣವೂ ಇಲ್ಲದೆ ಬರುತ್ತದೆ. ತಿಂದದ್ದು, ಕುಡಿದದ್ದು, ಮಾಡಿದ ಕೆಲಸ ಯಾವುದೂ ಕಾರಣವಲ್ಲ. ಹತ್ತರಿಂದ ಹದಿನೈದು ಮಂದಿಯಲ್ಲಿ ಜೀನ್ ದೋಷ ಇರುತ್ತದೆ. ಅಂಥ ಮನೆಗಳಲ್ಲಿ ಪ್ರತಿ ಮಗುವಿಗೂ ಆ ದೋಷ ದಾಟುವ ಸಾಧ್ಯತೆ ಅರ್ಧದಷ್ಟು. ಹೊರಗಿನಿಂದ ಬರುವುದು ನೂರಕ್ಕೆ ಒಂದಕ್ಕಿಂತ ಕಡಿಮೆ.

ಇಲ್ಲಿ ಬಹಳ ಜನ ಕೇಳುವ ಒಂದು ಪ್ರಶ್ನೆಗೆ ಉತ್ತರಿಸಿಬಿಡುತ್ತೇನೆ. ಕುರಿಯ ಭೇಜಾ ತಿಂದರೆ ಇದು ಬರುತ್ತದೆಯೇ? ಕುರಿಗಳಿಗೆ ಸ್ಕ್ರೇಪಿ ಎಂಬ ಇಂಥದೇ ಒಂದು ಕಾಯಿಲೆ ಇರುವುದು ಯುರೋಪಿನಲ್ಲಿ ಇನ್ನೂರೈವತ್ತು ವರ್ಷಗಳಿಂದ ಗೊತ್ತು. ಅದರಿಂದ ಮನುಷ್ಯರಿಗೆ ಸಿಜೆಡಿ ಬಂದ ಪುರಾವೆ ಸಿಕ್ಕಿಲ್ಲ. ಬ್ರಿಟನ್ನಿನಲ್ಲಿ ಹುಚ್ಚು ದನದ ಕಾಯಿಲೆಯಿಂದ ಜನರಿಗೆ ಬಂದದ್ದು ಇದರ ಇನ್ನೊಂದು ಬಗೆ. 1996ರಲ್ಲಿ ಅದು ಬಯಲಾಯಿತು, ಅಲ್ಲಿ 178 ಮಂದಿ ಸತ್ತರು. ಭಾರತದ ದನಗಳಲ್ಲಿ ಆ ಕಾಯಿಲೆ ಕಂಡುಬಂದಿಲ್ಲ. ಆದ್ದರಿಂದ "ಅಪ್ಪ ಆ ಹೋಟೆಲಿನಲ್ಲಿ ಊಟ ಮಾಡಿದ್ದಕ್ಕೇ ಹೀಗಾಯಿತು" ಎಂದು ಯಾರನ್ನೂ ದೂರಬೇಡಿ.

ಇದು ಎಷ್ಟು ಅಪರೂಪ? ಜಗತ್ತಿನ ಲೆಕ್ಕ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬರು ಅಥವಾ ಇಬ್ಬರು. ಹೆಚ್ಚಿನವರು ಅರವತ್ತರ ಆಸುಪಾಸಿನವರು. ಪುಣೆಯಂಥ ಊರಿನಲ್ಲಿ ವರ್ಷಕ್ಕೆ ಕೆಲವೇ ಜನ. ಆದರೂ ನಮ್ಮ ದೇಶದಲ್ಲಿ ಗುರುತಾಗುವುದು ಅದಕ್ಕಿಂತಲೂ ಕಡಿಮೆ. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಡಾ. ಎಸ್. ಕೆ. ಶಂಕರ್ ಭಾರತದಲ್ಲಿ 1971ರಿಂದ 1990ರವರೆಗೆ ಕಂಡ ಸಿಜೆಡಿ ಬಗ್ಗೆ 1991ರಲ್ಲಿ ಬರೆದರು. ಈ ಕಾಯಿಲೆ ನಮ್ಮಲ್ಲೂ ಇದೆ ಎಂಬುದು ದೇಶದ ವೈದ್ಯರಿಗೆ ಮನವರಿಕೆಯಾಗಲು ಆ ಕೆಲಸ ದೊಡ್ಡ ಕಾರಣ. ಭಾರತದ ಸಿಜೆಡಿ ರೋಗಿಗಳ ದಾಖಲೆ ಇಟ್ಟದ್ದೂ ಅದೇ ಸಂಸ್ಥೆ. ಆಗಿನ ಕಾಲಕ್ಕೆ ಕಾಯಿಲೆ ಖಚಿತವಾಗುತ್ತಿದ್ದುದು ಮೆದುಳಿನ ತುಣುಕು ತೆಗೆದಾಗ ಅಥವಾ ರೋಗಿ ತೀರಿಹೋದ ಮೇಲೆ. ಬದುಕಿರುವಾಗಲೇ, ತಲೆಗೆ ಚಾಕು ತಾಗಿಸದೆ ಹೇಳುವ ದಾರಿ ತೆರೆದದ್ದು ಎಂಆರ್‌ಐ.

*ಸ್ಕ್ಯಾನಿನಲ್ಲಿ ಏನು ಕಾಣುತ್ತದೆ?*

ಮೊದಲು ಸಿಟಿ ಸ್ಕ್ಯಾನ್. ಅದು ಬೇಗ ಆಗುತ್ತದೆ, ಕಡಿಮೆ ಖರ್ಚಿನದು, ರಕ್ತಸ್ರಾವ ಮತ್ತು ದೊಡ್ಡ ಗಡ್ಡೆ ತೋರಿಸುತ್ತದೆ. ಆದರೆ ಸಿಜೆಡಿಯಲ್ಲಿ ಸಿಟಿ ಬಹುತೇಕ ನಾರ್ಮಲ್ಲೇ ಬರುತ್ತದೆ, ಇಲ್ಲವೇ "ವಯಸ್ಸಿಗೆ ತಕ್ಕಂತೆ ಮೆದುಳು ಸ್ವಲ್ಪ ಸೊರಗಿದೆ" ಎಂದು ಬರೆದಿರುತ್ತಾರೆ. ಆ ಕಾಗದ ಹಿಡಿದು "ತಲೆಯಲ್ಲಿ ಏನೂ ಇಲ್ಲ" ಎಂದು ಮನೆಗೆ ಹೋದವರು ಬಹಳ.

ಎಂಆರ್‌ಐ ಅಂದರೆ ಒಂದೇ ಚಿತ್ರವಲ್ಲ. ಒಂದೇ ಯಂತ್ರದಲ್ಲಿ ಬೇರೆ ಬೇರೆ ಬಗೆಯ ಚಿತ್ರ ತೆಗೆಯುತ್ತಾರೆ. ಅವುಗಳಲ್ಲಿ ನಮಗೆ ಬೇಕಾದದ್ದು ಡಿಫ್ಯೂಷನ್ ಚಿತ್ರ, ರಿಪೋರ್ಟಿನಲ್ಲಿ ಡಿಡಬ್ಲ್ಯೂಐ ಎಂದು ಇರುತ್ತದೆ. ಅದು ಅಳೆಯುವುದು ಮೆದುಳಿನೊಳಗಿನ ನೀರಿನ ಓಡಾಟವನ್ನು. ನೀರಿನ ಕಣಗಳು ಎಲ್ಲೂ ಸುಮ್ಮನಿರುವುದಿಲ್ಲ. ಮಧ್ಯಾಹ್ನ ಖಾಲಿಯಾದ ಯಾರ್ಡಿನಲ್ಲಿ ಮನುಷ್ಯ ಎಲ್ಲಿಂದ ಎಲ್ಲಿಗೆ ಬೇಕಾದರೂ ಹೋಗಬಹುದು. ಬೆಳಗಿನ ನಾಲ್ಕು ಗಂಟೆಗೆ ಟೆಂಪೊ, ಕೈಗಾಡಿ, ಚೀಲದ ರಾಶಿ ಎಲ್ಲ ಸೇರಿ ತುಂಬಿದಾಗ ನಿಂತಲ್ಲೇ ನಿಲ್ಲಬೇಕು. ಕಾಯಿಲೆ ಹಿಡಿದ ಮೆದುಳಿನ ಭಾಗದಲ್ಲಿ ನೀರಿನ ಪಾಡು ಈ ಎರಡನೆಯದು. ಆ ಸಣ್ಣ ಪೊಳ್ಳುಗಳಲ್ಲಿ ನೀರು ಸಿಕ್ಕಿಹಾಕಿಕೊಳ್ಳುವುದೇ ಇದಕ್ಕೆ ಕಾರಣವಿರಬೇಕು ಎಂಬುದು ಹೆಚ್ಚಿನ ತಜ್ಞರ ಅಭಿಪ್ರಾಯ. ನೀರು ಸಿಕ್ಕಿಬಿದ್ದ ಜಾಗ ಡಿಫ್ಯೂಷನ್ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಅದರ ಜೋಡಿಯಾಗಿ ಎಡಿಸಿ ಎಂಬ ಇನ್ನೊಂದು ಚಿತ್ರ ಇರುತ್ತದೆ, ಅದರಲ್ಲಿ ಅದೇ ಜಾಗ ಕಪ್ಪಾಗಿ ಕಾಣುತ್ತದೆ. ಎರಡನ್ನೂ ಜೊತೆಗಿಟ್ಟು ನೋಡಬೇಕು.

ಹೊಳಪು ಎಲ್ಲಿ ಎಂಬುದೂ ಅಷ್ಟೇ ಮುಖ್ಯ. ಮೆದುಳಿನ ಹೊರಪದರ ಮಡಿಕೆ ಮಡಿಕೆಯಾಗಿದೆ. ಸಿಜೆಡಿಯಲ್ಲಿ ಆ ಮಡಿಕೆಗಳ ಅಂಚಿನುದ್ದಕ್ಕೂ ಬಿಳಿ ಪಟ್ಟಿ ಎಳೆದ ಹಾಗೆ ಕಾಣುತ್ತದೆ. ಇಳಕಲ್ ಸೀರೆಯನ್ನು ನಿರಿಗೆ ಹಿಡಿದಾಗ ದಡಿ ಮಾತ್ರ ಸುತ್ತಿ ಸುತ್ತಿ ಎದ್ದು ಕಾಣುತ್ತದಲ್ಲ, ಹಾಗೆ. ಡಾಕ್ಟರುಗಳು ಇದನ್ನು ಕಾರ್ಟಿಕಲ್ ರಿಬ್ಬನಿಂಗ್ ಅನ್ನುತ್ತಾರೆ. ಇನ್ನೊಂದು ಜಾಗ ಮೆದುಳಿನ ಆಳದಲ್ಲಿದೆ: ಕಾಡೇಟ್ ಮತ್ತು ಪುಟಾಮೆನ್ ಎಂಬ ಗಂಟುಗಳು, ಚಲನೆಯನ್ನು ಹದದಲ್ಲಿಡುವವು. ಅಲ್ಲಿ ಎರಡೂ ಬದಿ ಹೊಳೆಯುವುದುಂಟು, ಕೆಲವೊಮ್ಮೆ ಒಂದು ಬದಿ ಹೆಚ್ಚು, ಒಂದು ಬದಿ ಕಡಿಮೆ. ಕಣ್ಣಿಗೆ ಸಂಬಂಧಿಸಿದ ಭಾಗ ತಲೆಯ ಹಿಂಬದಿಯಲ್ಲಿದೆ. ಅಲ್ಲಿ ಹೊಳಪಿದ್ದವರಿಗೆ ಮೊದಲು ಕಾಣುವ ತೊಂದರೆ ದೃಷ್ಟಿಯದು. ನಮ್ಮ ಉದಾಹರಣೆಯ ಕಾಕಾಗೆ ಮೆಟ್ಟಿಲು ಓರೆಯಾಗಿ ಕಂಡದ್ದು ಅದಕ್ಕೇ. ಕಣ್ಣಿನಲ್ಲಿ ದೋಷವಿಲ್ಲ, ಕಂಡದ್ದನ್ನು ಅರ್ಥ ಮಾಡಿಕೊಳ್ಳುವ ಮೆದುಳಿನಲ್ಲಿ ದೋಷ. ಇಂಥವರಲ್ಲಿ ಕೆಲವರಿಗೆ ಪೊರೆಯ ಆಪರೇಷನ್ ಆಗಿ, ಅದರಿಂದ ಏನೂ ಉಪಯೋಗವಾಗದೆ ಇರುವುದೂ ಉಂಟು.

ಅನುಭವವಿರುವವರು ನೋಡಿದರೆ ಸಿಜೆಡಿ ಇರುವ ಹತ್ತು ಜನರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ಈ ಹೊಳಪು ಸಿಗುತ್ತದೆ. 2009ರಲ್ಲಿ ಯುರೋಪಿನ ತಜ್ಞರು ಕಾಯಿಲೆ ಗುರುತಿಸುವ ನಿಯಮಗಳಲ್ಲೇ ಎಂಆರ್‌ಐಯನ್ನು ಸೇರಿಸಿದರು. ಆದರೆ "ಅನುಭವವಿರುವವರು" ಎಂಬ ಮಾತಿಗೆ ಒತ್ತು ಕೊಟ್ಟು ಓದಿ. ಹೊಳಪು ಸೂಕ್ಷ್ಮವಾಗಿದ್ದಾಗ ಮೊದಲ ರಿಪೋರ್ಟಿನಲ್ಲಿ ತಪ್ಪಿಹೋಗುವುದು ಲೋಕದ ದೊಡ್ಡ ಆಸ್ಪತ್ರೆಗಳಲ್ಲೂ ನಡೆಯುತ್ತದೆ. ರೇಡಿಯಾಲಜಿ ಡಾಕ್ಟರಿಗೆ ಬಂದ ಚೀಟಿಯಲ್ಲಿ "ತಲೆಸುತ್ತು" ಎಂದಷ್ಟೇ ಇದ್ದರೆ ಅವರು ಪಾರ್ಶ್ವವಾಯು ಹುಡುಕುತ್ತಾರೆ, ಅದಿಲ್ಲವೆಂದು ಬರೆದು ಮುಗಿಸುತ್ತಾರೆ. ಆ ಚೀಟಿಯಲ್ಲಿ "ಎರಡು ತಿಂಗಳಲ್ಲಿ ವೇಗವಾಗಿ ಏರಿದ ಮರೆವು, ಮೈ ಬೆಚ್ಚುವಿಕೆ" ಎಂದು ಬರೆಸಿ. ಕಳಿಸುವ ಡಾಕ್ಟರು ಮರೆತರೆ ಸ್ಕ್ಯಾನ್ ಕೇಂದ್ರದಲ್ಲಿ ನೀವೇ ಬಾಯಿಬಿಟ್ಟು ಹೇಳಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ನನ್ನ ದೃಷ್ಟಿಯಲ್ಲಿ ಇಡೀ ಲೇಖನದಲ್ಲಿ ಇದಕ್ಕಿಂತ ಉಪಯೋಗದ ಸಲಹೆ ಇಲ್ಲ.

ಫಿಲ್ಮ್ ಮಾತ್ರ ಇಸಿದುಕೊಂಡು ಬರಬೇಡಿ, ಸಿಡಿ ಕೇಳಿ. ಫಿಲ್ಮಿನಲ್ಲಿ ಎಲ್ಲ ಚಿತ್ರವೂ ಇರುವುದಿಲ್ಲ. ಸಿಡಿ ಇದ್ದರೆ ಇನ್ನೊಬ್ಬ ನರರೋಗ ತಜ್ಞರು ಅದನ್ನೇ ಮತ್ತೆ ನೋಡಬಹುದು, ಸಾವಿರಾರು ರೂಪಾಯಿ ಕೊಟ್ಟು ಮತ್ತೆ ಸ್ಕ್ಯಾನ್ ಮಾಡಿಸುವುದು ತಪ್ಪುತ್ತದೆ.

*ಬೆಳ್ಳಗೆ ಹೊಳೆದದ್ದೆಲ್ಲ ಸಿಜೆಡಿ ಅಲ್ಲ*

ಇಲ್ಲಿ ನಿಧಾನವಾಗಿ ಓದಬೇಕು, ಯಾಕೆಂದರೆ ಜೀವ ಉಳಿಯುವ ವಿಷಯ ಇರುವುದು ಇಲ್ಲಿ. ಸಿಜೆಡಿಗೆ ಇವತ್ತಿಗೆ ಗುಣಪಡಿಸುವ ಔಷಧವಿಲ್ಲ. ಆದರೆ ಸಿಜೆಡಿಯ ಹಾಗೆಯೇ ಕಾಣುವ, ಔಷಧದಿಂದ ಗುಣವಾಗುವ ಕಾಯಿಲೆಗಳು ಹಲವಿವೆ. ಅಪರೂಪದ ಕಾಯಿಲೆ ಹುಡುಕುತ್ತ ಹೋದಾಗ ಅವು ಸಿಗುತ್ತವೆ. ಆದ್ದರಿಂದ ಯಾರಾದರೂ ಸ್ಕ್ಯಾನ್ ನೋಡಿದ ಕೂಡಲೇ "ಇದು ಸಿಜೆಡಿ, ಮನೆಗೆ ಕರೆದುಕೊಂಡು ಹೋಗಿ" ಅಂದರೆ, ಉಳಿದ ಪರೀಕ್ಷೆಗಳು ಆಗಿವೆಯೇ ಎಂದು ಕೇಳುವ ಹಕ್ಕು ನಿಮಗಿದೆ.

ಮುಖ್ಯವಾದದ್ದು ಆಟೊಇಮ್ಯೂನ್ ಎನ್‌ಸೆಫಲೈಟಿಸ್. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಮೆದುಳಿನ ಮೇಲೆ ತಿರುಗಿಬೀಳುವುದು. ಇದರಲ್ಲಿ ಎಲ್‌ಜಿಐ1 ಎಂಬ ಬಗೆ ಐವತ್ತು ಅರವತ್ತರ ವಯಸ್ಸಿನವರಿಗೆ ಬರುತ್ತದೆ. ವಾರಗಳಲ್ಲಿ ಮರೆವು ಏರುತ್ತದೆ. ಮುಖದ ಒಂದು ಬದಿ ಮತ್ತು ಅದೇ ಬದಿಯ ಕೈ ಒಂದೆರಡು ಕ್ಷಣ ಸೆಟೆದು ಬಿಡುತ್ತದೆ, ದಿನಕ್ಕೆ ಎಷ್ಟೋ ಸಲ. ರಕ್ತದಲ್ಲಿ ಸೋಡಿಯಂ ಕಡಿಮೆ ಇರುತ್ತದೆ. ಸ್ಟೀರಾಯ್ಡ್ ಮತ್ತು ಇಮ್ಯೂನೊಗ್ಲೋಬ್ಯುಲಿನ್ ಕೊಟ್ಟರೆ ಹೆಚ್ಚಿನವರು ಸುಧಾರಿಸುತ್ತಾರೆ, ಬೇಗ ಕೊಟ್ಟಷ್ಟೂ ಒಳ್ಳೆಯದು. ರಕ್ತ ಮತ್ತು ಬೆನ್ನುಹುರಿ ನೀರಿನ ಪರೀಕ್ಷೆಯಲ್ಲಿ ಇದು ತಿಳಿಯುತ್ತದೆ. ರೋಗಿಯ ಆ ಸೆಟೆತವನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಹೋಗಿ. ಡಾಕ್ಟರ ಮುಂದೆ ಕೂತ ಹತ್ತು ನಿಮಿಷದಲ್ಲಿ ಅದು ಬರದೇ ಹೋಗಬಹುದು.

ಸೋಡಿಯಂ ಮಾತು ಬಂದದ್ದಕ್ಕೆ ಹೇಳುತ್ತೇನೆ. ಬಿಪಿಗೆ, ಹೃದಯದ ದೌರ್ಬಲ್ಯಕ್ಕೆ ನಾವು ಕೊಡುವ ನೀರಿನ ಮಾತ್ರೆಗಳಿಂದಲೂ ವಯಸ್ಸಾದವರಲ್ಲಿ ಸೋಡಿಯಂ ಇಳಿದು ಗೊಂದಲ, ತೂರಾಟ ಬರುತ್ತದೆ. ಒಂದು ರಕ್ತ ಪರೀಕ್ಷೆ ಸಾಕು. ಆದ್ದರಿಂದ ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನಲ್ಲ, ಮಾತ್ರೆಗಳ ಚೀಲವನ್ನೇ ಒಯ್ಯಿರಿ.

ಇನ್ನೊಂದು, ತಲೆಗೆ ಬಿದ್ದ ಹಳೆಯ ಪೆಟ್ಟು. ಚೀಲ ಜಾರಿ ತಲೆಗೆ ತಾಗಿತ್ತು, ಆಗ ಏನೂ ಆಗಲಿಲ್ಲ. ವಾರಗಳ ಮೇಲೆ ಮೆದುಳಿನ ಹೊದಿಕೆಯ ಕೆಳಗೆ ರಕ್ತ ನಿಧಾನವಾಗಿ ತುಂಬಿ ಮರೆವು, ಮಂಪರು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವ ನಮ್ಮ ಹೃದಯ ರೋಗಿಗಳಲ್ಲಿ ಇದರ ಭಯ ಹೆಚ್ಚು. ಇಲ್ಲಿ ಸಿಟಿ ಸ್ಕ್ಯಾನೇ ಹೀರೊ. ರಂಧ್ರ ಮಾಡಿ ರಕ್ತ ತೆಗೆದರೆ ಮನುಷ್ಯ ಮೊದಲಿನಂತೆ ಆಗಬಹುದು. ಬಿ12 ಕೊರತೆ, ಥೈರಾಯ್ಡ್, ಮೆದುಳಿನ ಟಿಬಿ, ಸಿಫಿಲಿಸ್, ಎಚ್‌ಐವಿ ಇವನ್ನೂ ನೋಡಲೇಬೇಕು. ಕುಡಿತ ಇದ್ದವರಲ್ಲಿ ಬಿ1 ಕೊರತೆ ಬೇರೆ.

ಡಿಫ್ಯೂಷನ್ ಚಿತ್ರದಲ್ಲಿ ಹೊಳೆಯುವ ಬೇರೆ ಸಂಗತಿಗಳೂ ಇವೆ. ಪಾರ್ಶ್ವವಾಯು ಹೊಳೆಯುತ್ತದೆ, ಆದರೆ ಒಂದು ರಕ್ತನಾಳದ ಪಾಲಿಗೆ ಸೇರಿದ ಜಾಗದಲ್ಲಿ, ಒಮ್ಮಿಂದೊಮ್ಮೆಲೆ. ಒಂದೆರಡು ವಾರದಲ್ಲಿ ಆ ಹೊಳಪು ಮಾಸತೊಡಗುತ್ತದೆ. ಸಿಜೆಡಿಯ ಹೊಳಪು ತಿಂಗಳುಗಟ್ಟಲೆ ಇರುತ್ತದೆ. ಫಿಟ್ಸ್ ಬಂದ ಮೇಲೂ ಹೊರಪದರ ಹೊಳೆಯುತ್ತದೆ, ಫಿಟ್ಸ್ ನಿಂತ ಮೇಲೆ ಹೋಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ತೀರ ಇಳಿದಾಗಲೂ ಹೊಳೆಯುತ್ತದೆ. ಹೃದಯ ನಿಂತು ಮತ್ತೆ ಬಡಿದವರ ಮೆದುಳಿನಲ್ಲಿ, ಆಮ್ಲಜನಕವಿಲ್ಲದೆ ಕಳೆದ ಆ ನಿಮಿಷಗಳ ಗುರುತಾಗಿ, ಸೀರೆಯ ದಡಿಯಂಥ ಅದೇ ಪಟ್ಟಿ ಕಾಣಬಹುದು. ನಮ್ಮ ಐಸಿಯುಗಳಲ್ಲಿ ನಾವು ಅದನ್ನು ನೋಡುತ್ತೇವೆ. ಚಿತ್ರ ಒಂದೇ, ಕತೆ ಬೇರೆ. ಕತೆ ಹೇಳುವವರು ಮನೆಯವರು.

ಸ್ಕ್ಯಾನಿನ ಜೊತೆಗೆ ಇನ್ನೆರಡು ಪರೀಕ್ಷೆ ಕೇಳುತ್ತಾರೆ. ಇಇಜಿ, ಅಂದರೆ ಮೆದುಳಿನ ವಿದ್ಯುತ್ ದಾಖಲೆ. ಸಿಜೆಡಿಯಲ್ಲಿ ಹೆಚ್ಚು ಕಡಿಮೆ ಸೆಕೆಂಡಿಗೊಂದರಂತೆ ಚೂಪಾದ ಅಲೆ ಬರುವುದುಂಟು. ಮೂವರಲ್ಲಿ ಒಬ್ಬರಲ್ಲಿ ಅದು ಕಾಣದೇ ಇರಬಹುದು. ಇನ್ನೊಂದು ಬೆನ್ನಿನಿಂದ ತೆಗೆದ ನೀರಿನ ಪರೀಕ್ಷೆ. ಅದರಲ್ಲಿ ಆರ್‌ಟಿ-ಕ್ವಿಕ್ ಎಂಬುದು ಹೊಸದು, ಬಹಳ ನಂಬಿಕಸ್ಥ. ಆಗಲೇ ಹೇಳಿದ ಸಕ್ಕರೆ ಪಾಕದ ಆಟವನ್ನೇ ಪ್ರಯೋಗಾಲಯದ ಕೊಳವೆಯಲ್ಲಿ ಆಡಿಸುತ್ತಾರೆ: ರೋಗಿಯ ನೀರಿನಲ್ಲಿ ತಪ್ಪು ಪ್ರಿಯಾನಿನ ಒಂದು ಹರಳಿದ್ದರೂ ಕೊಳವೆಯ ಪ್ರೋಟೀನ್ ಹರಳುಗಟ್ಟುತ್ತದೆ. ಎಲ್ಲ ಊರಿನಲ್ಲಿ ಇದು ಸಿಗುವುದಿಲ್ಲ. ಬೆನ್ನಿನ ನೀರು ತೆಗೆದರೆ ಸೊಂಟ ಬಿದ್ದುಹೋಗುತ್ತದೆ ಎಂಬ ಭಯ ನಮ್ಮಲ್ಲಿ ಬಹಳ. ಹಾಗೇನೂ ಆಗುವುದಿಲ್ಲ, ಒಂದೆರಡು ದಿನ ತಲೆನೋವು ಬರಬಹುದು. ಇಷ್ಟೆಲ್ಲ ಆದರೂ ಡಾಕ್ಟರು "ಬಹುಮಟ್ಟಿಗೆ ಸಿಜೆಡಿ" ಎಂದೇ ಬರೆಯುತ್ತಾರೆ. ನೂರಕ್ಕೆ ನೂರು ಅನ್ನಬೇಕಾದರೆ ಮೆದುಳಿನ ಅಂಗಾಂಶವೇ ಬೇಕು.

*ಎಂಆರ್‌ಐ ಕೋಣೆಗೆ ಹೋಗುವ ಮುಂಚೆ*

ಎಂಆರ್‌ಐಯಲ್ಲಿ ಎಕ್ಸ್‌ರೇ ಇಲ್ಲ, ಇರುವುದು ದೊಡ್ಡ ಅಯಸ್ಕಾಂತ. ತಾಳಿ, ಮೂಗುಬೊಟ್ಟು, ಕಾಲುಂಗುರ, ತಾಮ್ರದ ತಾಯತ, ಮೊಬೈಲ್, ನಾಣ್ಯ ಎಲ್ಲ ಹೊರಗಿಡಬೇಕು. ಗಂಡಸರ ಜೇಬಿನಲ್ಲಿರುವ ತಂಬಾಕು-ಸುಣ್ಣದ ಡಬ್ಬಿಯನ್ನು ಮರೆಯಬೇಡಿ. ತಾಳಿ ಬಿಚ್ಚಲು ಅವ್ವ ಒಪ್ಪದಿದ್ದರೆ ಅರಿಷಿಣ ದಾರ ಕಟ್ಟಿ ಕಳಿಸಿ, ಯಾರೂ ಬೇಡ ಅನ್ನುವುದಿಲ್ಲ.

ಸ್ಟೆಂಟ್ ಹಾಕಿಸಿಕೊಂಡವರು ಎಂಆರ್‌ಐ ಮಾಡಿಸಬಹುದು. ಇವತ್ತು ಹಾಕುವ ಕೃತಕ ಕವಾಟಗಳಿಗೂ ಸಾಮಾನ್ಯವಾಗಿ ತೊಂದರೆಯಿಲ್ಲ. ಪೇಸ್‌ಮೇಕರ್ ಇದ್ದರೆ ಅದರ ಕಾರ್ಡ್ ತನ್ನಿ. ಹೊಸ ಮಾದರಿಗಳಲ್ಲಿ ಹೆಚ್ಚಿನವು ಎಂಆರ್‌ಐಗೆ ಹೊಂದುವಂಥವು, ಸ್ಕ್ಯಾನಿಗೆ ಮುಂಚೆ ಅದರ ಕ್ರಮ ಬದಲಿಸಿ, ಆಮೇಲೆ ಮೊದಲಿನಂತೆ ಮಾಡಬೇಕು. ಹಳೆಯದಾದರೆ ಹೃದಯ ತಜ್ಞರ ಜೊತೆ ಮಾತಾಡದೆ ಒಳಗೆ ಕಳಿಸಬಾರದು. "ಪೇಸ್‌ಮೇಕರ್ ಇದೆ, ಆದ್ದರಿಂದ ಎಂಆರ್‌ಐ ಆಗಲ್ಲ" ಎಂದು ಬಾಗಿಲಲ್ಲೇ ವಾಪಸು ಕಳಿಸಿದರೆ ಅದನ್ನೇ ಕೊನೆಯ ಮಾತು ಎಂದುಕೊಳ್ಳಬೇಡಿ.

ಪೂರ್ತಿ ಸ್ಕ್ಯಾನಿಗೆ ಅರ್ಧ ಗಂಟೆ ಹಿಡಿಯುತ್ತದೆ, ಸದ್ದು ಬಹಳ, ಅಲುಗಾಡಬಾರದು. ಮೈ ಬೆಚ್ಚುವ ರೋಗಿಗೆ ಇದು ಕಷ್ಟ. ಡಿಫ್ಯೂಷನ್ ಚಿತ್ರಕ್ಕೆ ಮಾತ್ರ ಒಂದೆರಡು ನಿಮಿಷ ಸಾಕು. "ಅದನ್ನು ಮೊದಲು ತೆಗೆಯಿರಿ" ಎಂದು ಕೇಳಿಕೊಳ್ಳಬಹುದು.

ಪರವೂರಿನಲ್ಲಿರುವ ನಮಗೆ ಇನ್ನೊಂದು ತೊಡಕಿದೆ, ಇದನ್ನು ಯಾರೂ ಹೇಳುವುದಿಲ್ಲ. ಮರೆವು ಅಳೆಯಲು ಡಾಕ್ಟರು ಪ್ರಶ್ನೆ ಕೇಳುತ್ತಾರೆ: ಇವತ್ತು ಯಾವ ವಾರ, ನೂರರಿಂದ ಏಳು ಕಳೆಯುತ್ತ ಹೋಗಿ, ಈ ಮೂರು ಶಬ್ದ ನೆನಪಿಡಿ. ಕೇಳುವುದು ಮರಾಠಿಯಲ್ಲಿ ಅಥವಾ ಹಿಂದಿಯಲ್ಲಿ. ಮೂವತ್ತು ವರ್ಷ ಪುಣೆಯಲ್ಲಿ ವ್ಯವಹಾರದ ಮರಾಠಿ ಮಾತಾಡಿದ ಅಪ್ಪನಿಗೂ ಗೊಂದಲದ ಹೊತ್ತಿನಲ್ಲಿ ಬಾಯಿಗೆ ಬರುವುದು ಕನ್ನಡ. ಮನೆಯಿಂದ ಹೊರಬೀಳದ ಅವ್ವನಿಗಂತೂ ಪ್ರಶ್ನೆಯೇ ತಿಳಿಯುವುದಿಲ್ಲ. ಉತ್ತರ ಬರದ್ದನ್ನು ಮರೆವು ಎಂದು ಬರೆದುಕೊಂಡರೆ ಅಂಕ ತಪ್ಪುತ್ತದೆ. ಹಾಗೆಯೇ, "ಭಾಷೆ ಬರಲ್ಲ" ಎಂದು ನಿಜವಾದ ಮರೆವನ್ನು ಬಿಟ್ಟುಬಿಡುವುದೂ ಇದೆ. ಜೊತೆಗೆ ಕನ್ನಡ ಬಲ್ಲ ಒಬ್ಬರು ಇರಲಿ, ಪ್ರಶ್ನೆಯನ್ನು ಇದ್ದ ಹಾಗೆ ಕನ್ನಡದಲ್ಲಿ ಕೇಳಲಿ, ಉತ್ತರವನ್ನು ತಿದ್ದದೆ ಹೇಳಲಿ. "ಅಪ್ಪಾ, ಸೋಮವಾರ ಅನ್ನು" ಎಂದು ಪಿಸುಗುಟ್ಟುವ ಮಕ್ಕಳನ್ನು ನಾವೆಲ್ಲ ನೋಡಿದ್ದೇವೆ.

ಮೊದಲ ಸ್ಕ್ಯಾನ್, ರಕ್ತ ಪರೀಕ್ಷೆ ಪುಣೆಯಲ್ಲೇ ಆಗಲಿ. ಸಸೂನ್‌ನಂಥ ಸರ್ಕಾರಿ ಆಸ್ಪತ್ರೆ ಇದೆ, ಖಾಸಗಿ ನರರೋಗ ತಜ್ಞರೂ ಇದ್ದಾರೆ. ಚಿತ್ರ ಸ್ಪಷ್ಟವಾಗದಿದ್ದರೆ ನಿಮ್ಹಾನ್ಸ್‌ಗೆ ಹೋಗುವುದು ಒಳ್ಳೆಯದು, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಆದರೆ ಎದ್ದು ಕೂರಲಾಗದ ರೋಗಿಯನ್ನು ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಇಪ್ಪತ್ತು ಗಂಟೆ ಕರೆದೊಯ್ಯುವ ಮುಂಚೆ, ಸಿಡಿ ಮತ್ತು ಕಾಗದಗಳನ್ನು ಹಿಡಿದು ಮನೆಯ ಒಬ್ಬರು ಹೋಗಿ ತೋರಿಸಬಹುದೇ ಎಂದು ನಿಮ್ಮ ಡಾಕ್ಟರನ್ನು ಕೇಳಿ.

*ಸಿಜೆಡಿ ಎಂದೇ ಆದರೆ*

ಹೆಚ್ಚಿನವರು ಲಕ್ಷಣ ಶುರುವಾಗಿ ಆರು ತಿಂಗಳೊಳಗೆ, ಬಹುತೇಕ ಎಲ್ಲರೂ ವರ್ಷದೊಳಗೆ ತೀರಿಹೋಗುತ್ತಾರೆ. ಇದನ್ನು ಮೆತ್ತಗೆ ಹೇಳುವ ದಾರಿ ನನಗೆ ಗೊತ್ತಿಲ್ಲ. ಹಾಗಾದರೆ ಇಷ್ಟೆಲ್ಲ ಸ್ಕ್ಯಾನ್ ಮಾಡಿ ಹೆಸರು ತಿಳಿದು ಏನು ಬಂತು ಎಂದು ಮಕ್ಕಳು ಕೇಳುತ್ತಾರೆ. ಹೆಸರು ತಿಳಿಯದ ಮನೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಓಡುತ್ತದೆ, ಊರಿನ ಎರಡು ಎಕರೆ ಮಾರುತ್ತದೆ, ಕೊನೆಗೆ ಐಸಿಯುವಿನ ಗಾಜಿನ ಆಚೆ ನಿಂತು ನೋಡುತ್ತದೆ. ಹೆಸರು ತಿಳಿದ ಮನೆ ಆ ಹಣವನ್ನೂ ಆ ತಿಂಗಳುಗಳನ್ನೂ ಉಳಿಸಿಕೊಳ್ಳುತ್ತದೆ. ಮಾತು ಇರುವಾಗಲೇ ಮಾತಾಡುತ್ತದೆ, ಬ್ಯಾಂಕು-ಜಮೀನಿನ ಕಾಗದ ನೋಡಿಕೊಳ್ಳುತ್ತದೆ, ಊರಿಗೆ ಕರೆದೊಯ್ಯಬೇಕೆಂದಿದ್ದರೆ ಪ್ರಯಾಣ ಮಾಡಬಲ್ಲ ಹೊತ್ತಿನಲ್ಲೇ ಕರೆದೊಯ್ಯುತ್ತದೆ. ಬೆಚ್ಚುವಿಕೆಗೆ, ನಿದ್ದೆಗೆ, ಸಂಕಟಕ್ಕೆ ಔಷಧಗಳಿವೆ. ನುಂಗಲು ಕಷ್ಟವಾದಾಗ ಗಂಜಿ ಗಟ್ಟಿಯಾಗಿರಬೇಕು, ಕೂರಿಸಿಯೇ ತಿನ್ನಿಸಬೇಕು. ಮಲಗಿಸಿ ನೀರು ಕುಡಿಸಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ.

ಇದು ಅಂಟುತ್ತದೆಯೇ? ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಸ್ನಾನ ಮಾಡಿಸಿದರೆ, ಪಕ್ಕದಲ್ಲಿ ಮಲಗಿದರೆ ಅಂಟುವುದಿಲ್ಲ. ಮೊಮ್ಮಕ್ಕಳನ್ನು ದೂರ ಇಡಬೇಡಿ, ಬೇರೆ ಕೋಣೆ ಬೇಡ. ಎಚ್ಚರ ಬೇಕಾದದ್ದು ಆಸ್ಪತ್ರೆಯಲ್ಲಿ, ಮೆದುಳು, ಬೆನ್ನುಹುರಿ, ಕಣ್ಣಿಗೆ ತಾಗಿದ ಉಪಕರಣಗಳ ವಿಷಯದಲ್ಲಿ. ಮಾಮೂಲಿ ಕುದಿಸುವಿಕೆಗೆ ಪ್ರಿಯಾನ್ ಸಾಯುವುದಿಲ್ಲ. ಆದ್ದರಿಂದ ಯಾವ ಆಪರೇಷನ್ನಿಗೆ ಮುಂಚೆಯೂ ಈ ಕಾಯಿಲೆಯ ಅನುಮಾನವಿದೆ ಎಂದು ಹೇಳಲೇಬೇಕು. ಇವರ ರಕ್ತ, ಕಣ್ಣು, ಅಂಗಾಂಗ ದಾನ ಮಾಡುವ ಹಾಗಿಲ್ಲ. ಮನೆತನದಲ್ಲಿ ಹಿಂದೆ ಯಾರಾದರೂ ಹೀಗೆಯೇ ತಿಂಗಳುಗಳಲ್ಲಿ ತೀರಿಹೋಗಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ, ಜೀನ್ ಪರೀಕ್ಷೆಯ ವಿಷಯ ಬರುವುದು ಆಗ.

ತೀರಿಹೋದ ಮೇಲೆ ಶವವನ್ನು ತೊಳೆಯುವುದು, ಬಟ್ಟೆ ಉಡಿಸುವುದು, ಹೂ ಹಾಕುವುದು ಎಲ್ಲ ಎಂದಿನಂತೆ ಮಾಡಬಹುದು. ಸುಡುವವರು ಸುಡಬಹುದು, ಕ್ರಿಯಾಸಮಾಧಿ ಮಾಡುವವರು ಮಾಡಬಹುದು. ಊರಿಗೆ ಒಯ್ಯಲೂ ಅಡ್ಡಿಯಿಲ್ಲ, ಆಂಬ್ಯುಲೆನ್ಸಿನವರಿಗೆ ತೋರಿಸಲು ಸಾವಿನ ಕಾರಣ ಬರೆದ ಪ್ರಮಾಣಪತ್ರ ಜೊತೆಗಿರಲಿ. ನಿಮ್ಹಾನ್ಸ್‌ನಲ್ಲಿ 1995ರಿಂದ ಸಂಶೋಧನೆಗಾಗಿ ಮೆದುಳಿನ ಅಂಗಾಂಶ ಭಂಡಾರ ಇದೆ. ಅಂಥ ದಾನದ ಬಗ್ಗೆ ಡಾಕ್ಟರು ಕೇಳಿದರೆ ಹೂಂ ಅನ್ನುವುದೂ ಬೇಡ ಅನ್ನುವುದೂ ಮನೆಯವರ ಇಷ್ಟ.